ಗುರುಸಿದ್ದಮ್ಮನವರ ಪಡುವಣ ಗೋಡೆ

ಅರಕಲಗೂಡಿನ ಪೇಟೆಬೀದಿಯಲ್ಲಿ ಗುರುಸಿದ್ದಮ್ಮನವರದೇ ಕೊನೆಯ ಮನೆ. ಅದರಾಚೆ ಪಡುವಣಕ್ಕೆ ಬಟ್ಟಬಯಲು. ಆಷಾಢದ ಗಾಳಿ ಕೊಡಗಿನ ಕಡೆಯಿಂದ ಮಳೆಯನ್ನು ಹೊತ್ತು ತಂದು ಆ ಗೋಡೆಗೇ ರಾಚುತ್ತಿತ್ತು. ಬೇಸಗೆಯಲ್ಲಿ ಇಳಿಹೊತ್ತಿನ ಬಿಸಿಲೂ ಅದಕ್ಕೇ. ಒಳಗೆ ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ಗಾರೆ ಗಟ್ಟಿಯಿರುವತನಕ ಮನೆ ಗಟ್ಟಿ.

ಆ ಗೋಡೆಯನ್ನು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದವನು ಗಾರೆ ಕೆಲಸದ ಮಂಚಯ್ಯ. ಅವನು ಜ್ವರದಲ್ಲಿ ತೀರಿಕೊಂಡಾಗ ಗುರುಸಿದ್ದಮ್ಮನವರು ಅವನ ಹೆಂಡತಿ ಸಣ್ಣಕ್ಕನನ್ನು ಕರೆಸಿದರು. ಹೆಂಗಸು ಕರಣಿ ಹಿಡಿಯುವುದುಂಟೇ ಎಂದು ಬೀದಿಯವರು ಆಡಿಕೊಂಡರು.

"ಸುಣ್ಣ ಅರೆದೋಳು ನೀನು, ಹದ ನೋಡ್ದೋಳು ನೀನು. ಮಂಚಯ್ಯ ಬರೀ ಬಳೀತಿದ್ದ. ಇನ್ಮೇಲೆ ಬಳಿಯೋದೂ ನೀನೇ," ಎಂದರು ಗುರುಸಿದ್ದಮ್ಮ, ಕಿಟಕಿಯ ಸರಳುಗಳ ಹಿಂದಿನಿಂದ.

ಅಂದಿನಿಂದ ಪ್ರತಿವರ್ಷ ಯುಗಾದಿ ಕಳೆದ ಕೂಡಲೇ ಸಣ್ಣಕ್ಕ ಬರುವಳು. ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ಬಡಿಯುತ್ತ ಹೋಗುವಳು. ಡಬಡಬ ಎಂದರೆ ಅಲ್ಲಿ ಗಾರೆ ಮಣ್ಣನ್ನು ಬಿಟ್ಟಿದೆ ಎಂದರ್ಥ. ಅಲ್ಲಿ ಕೆತ್ತಿ, ನೀರು ಚಿಮುಕಿಸಿ, ತಿಂಗಳುಗಟ್ಟಲೆ ನೆನೆದ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಕೂಡಿಸಿ ಅರೆದು ಮೆತ್ತುವಳು. ಆಮೇಲೆ ನುಣ್ಣನೆಯ ಹೊಳೆಗಲ್ಲಿನಿಂದ ತಿಕ್ಕುತ್ತಾ ಕೂರಬೇಕು; ದಿನಗಟ್ಟಲೆಯ ಕೆಲಸ. ಆಗ ಗುರುಸಿದ್ದಮ್ಮ ಕಿಟಕಿಗೆ ಬಂದು ಮಾತಿಗೆ ಕೂರುವರು. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಊರಾಚೆಯ ಕೇರಿಯ ಸಣ್ಣಕ್ಕ ಆ ಮನೆಯ ಹೊಸ್ತಿಲು ದಾಟಿದವಳಲ್ಲ. ಆದರೆ ಒಳಗಿನವರ ಮೊಣಕಾಲು ನೋವು, ಹಳ್ಳಿಮೈಸೂರಿಗೆ ಕೊಟ್ಟ ಮಗಳು ನೀಲಾಂಬಿಕೆಗೆ ಬಸಿರು ನಿಲ್ಲದಿದ್ದದ್ದು, ಎಲ್ಲವೂ ಅವಳಿಗೆ ಗೊತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ ಅಳಿಯ ರುದ್ರಯ್ಯ ತನ್ನ ಜವಳಿ ಅಂಗಡಿಯನ್ನು ಅರಕಲಗೂಡಿಗೆ ತಂದು ಅತ್ತೆಯ ಮನೆಯಲ್ಲೇ ನೆಲಸಿದ. ಕೆಟ್ಟವನಲ್ಲ. ವರ್ಷ ವರ್ಷವೂ ಗೋಡೆಯ ರಗಳೆ ಯಾಕೆಂದು ಹಾಸನದಿಂದ ಸಿಮೆಂಟಿನ ಕೆಲಸದವರನ್ನು ಕರೆಸಿದ. ಸಣ್ಣಕ್ಕ ನೆನೆದ ಸುಣ್ಣದ ಮಡಕೆ ಹೊತ್ತು ಬಂದಾಗ ಅವಳು ಬಳಿದಿದ್ದ ಗಾರೆಯನ್ನು ಅವರು ಕೆತ್ತಿ ಕೆಡವುತ್ತಿದ್ದರು.

"ಇದೇನು ಅವ್ವಾರೆ ಇಂಗೆ?"

ಗುರುಸಿದ್ದಮ್ಮ ಅವಳ ಮುಖ ನೋಡಲಿಲ್ಲ. "ಅಳಿಯಂದ್ರ ಇಷ್ಟ ಕಣೆ. ಒಂದ್ಸಲ ಸಿಮೆಂಟು ಆಕುದ್ರೆ ಮೊಮ್ಮಕ್ಕಳ ಕಾಲಕ್ಕೂ ಮುಟ್ಟಂಗಿಲ್ವಂತೆ. ನಾನೇನು ಏಳ್ಲಿ? ನೀನು ಸುಮ್ನೆ ಬತ್ತಾ ಇರು."

"ಕೆಲ್ಸ ಇಲ್ದೆ ಏನಂತ ಬರ್ಲಿ ಅವ್ವಾರೆ."

ಆ ವರ್ಷವೆಲ್ಲ ಅವಳು ಆ ಕಡೆ ಸುಳಿಯಲಿಲ್ಲ. ಗುರುಸಿದ್ದಮ್ಮ ಎರಡು ಸಲ ನೆರೆಮನೆಯ ಬಸವಲಿಂಗಮ್ಮನ ಬಾಯಲ್ಲಿ ಹೇಳಿಕಳಿಸಿದರು. "ಬತ್ತೀನಿ ಅಂತ ಏಳಿ," ಎಂದಳೇ ಹೊರತು ಹೋಗಲಿಲ್ಲ. ಗೋಡೆ ಹೋದದ್ದಕ್ಕಲ್ಲ, ಅವ್ವಾರು ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲವಲ್ಲ ಎಂಬುದು ಅವಳ ಹೊಟ್ಟೆಯೊಳಗೆ ಮುಳ್ಳಾಗಿ ಕೂತಿತ್ತು.

ಮರುವರ್ಷ ಪುನರ್ವಸು ಮಳೆ ಹಿಡಿದುಕೊಂಡಿತು. ಕಳೆ ಕೀಳಲು ಹೋಗಿದ್ದ ಸಣ್ಣಕ್ಕ ಮಳೆಗೆ ಎಲೆಯ ಗೊರಗ ಹೊದ್ದು ಬಯಲ ಹಾದಿಯಲ್ಲಿ ಬರುವಾಗ ಗೋಡೆ ಕಣ್ಣಿಗೆ ಬಿತ್ತು. ಕಿಟಕಿಯ ಮೇಲೆ ಕೂದಲೆಳೆಯಷ್ಟು ಬಿರುಕು. ಕೆಳಗೆ ಗೋಡೆ ಉಬ್ಬಿಕೊಂಡಿತ್ತು. ಹತ್ತಿರ ಹೋಗಿ ಬಡಿದಳು. ಸದ್ದೇ ಬರಲಿಲ್ಲ. ಒಳಗಿನ ಮಣ್ಣು ನೀರು ಕುಡಿದು ಮುದ್ದೆಯಾಗಿತ್ತು.

ಮಳೆಗೆ ಕಿಟಕಿಯ ಕದ ಮುಚ್ಚಿತ್ತು. ತಟ್ಟಲೆಂದು ಕೈಯೆತ್ತಿದಳು. ವರ್ಷದ ಮೇಲೆ ಬಂದು ಏನೆಂದು ಮಾತು ತೆಗೆಯುವುದು? ಕೈ ಇಳಿಸಿ ಅಂಗಡಿಗೆ ಹೋದಳು.

"ಬುದ್ಧಿ, ಪಡುವಲ ಗ್ವಾಡೆ ನೀರು ಕುಡ್ದದೆ. ಸಿಮೆಂಟು ಬಿರುಕಲ್ಲಿ ನೀರ ಒಳೀಕೆ ಬುಟ್ಕಂಡದೆ, ಆಚೀಕೆ ಬುಡಾಕಿಲ್ಲ. ಅವ್ವಾರ್ನ ಆ ಕ್ವಾಣೇಲಿ ಮನಗುಸಬ್ಯಾಡಿ."

ರುದ್ರಯ್ಯ ಬಟ್ಟೆ ಅಳೆಯುತ್ತಲೇ, "ಕೆಲ್ಸ ಓಯ್ತಲ್ಲ ಅನ್ನೋ ಸಂಕಟ ನಿಂಗೆ. ಮಳೆ ನಿಲ್ಲಿ, ನೋಡಾನ," ಎಂದ.

ಮೂರನೆಯ ದಿನ ಮಧ್ಯಾಹ್ನ ಗೋಡೆ ಒಳಮುಖವಾಗಿ, ಮಲಗಿದ್ದ ಗುರುಸಿದ್ದಮ್ಮನವರ ಮೇಲೆ ಕುಸಿಯಿತು.

ಸುದ್ದಿ ಕೇಳಿ ಸಣ್ಣಕ್ಕ ಓಡಿಬಂದಾಗ ಜನ ದೂರದಲ್ಲೇ ನಿಂತಿದ್ದರು. ಉಳಿದ ಗೋಡೆಯೂ ಬೀಳುವುದೆಂಬ ಭಯ. ಯಾವ ಭಾಗ ನಿಲ್ಲುತ್ತದೆ ಎಂಬುದು ಅವಳ ಕೈಗೆ ಗೊತ್ತಿತ್ತು. ಮಣ್ಣಿನ ಗುಡ್ಡೆ ಹತ್ತಿ ಒಳಗಿಳಿದಳು. ಗಾರೆಯಾಗಿದ್ದರೆ ಪುಡಿಯಾಗುತ್ತಿತ್ತು, ಸಿಮೆಂಟು ಹಲಗೆ ಹಲಗೆಯಾಗಿ ಬಿದ್ದಿತ್ತು. ಒಬ್ಬಳಿಂದ ಎತ್ತಲಾಗಲಿಲ್ಲ. ಆ ಕಡೆಯಿಂದ ಎರಡು ಕೈಗಳು ಬಂದು ಹಿಡಿದವು. ರುದ್ರಯ್ಯ.

ಗುರುಸಿದ್ದಮ್ಮನವರಿಗೆ ಇನ್ನೂ ಉಸಿರಿತ್ತು. ಸಣ್ಣಕ್ಕ ಸೆರಗಿನಿಂದ ಅವರ ಬಾಯಿಯ ಮಣ್ಣು ಒರಸಿದಳು. ರುದ್ರಯ್ಯ ಡಾಕ್ಟರನ್ನು ಕರೆತರಲು ಓಡಿದ.

"ಯಾರು?"

"ನಾನು ಅವ್ವಾರೆ, ಸಣ್ಣಕ್ಕ."

"ಬಂದ್ಯಾ," ಎಂದರು ಗುರುಸಿದ್ದಮ್ಮ. ಮತ್ತೆ ಮಾತಾಡಲಿಲ್ಲ. ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು.

ನಾದಿನಿಯ ಬಾಣಂತನಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದ ನೀಲಾಂಬಿಕೆ ಮಾರನೆಯ ದಿನ ಬಂದಳು. ಅವ್ವನ ಮುಖ ನೋಡಿದ್ದಷ್ಟೇ. ಮಣ್ಣು ಮಾಡುವಾಗ ಸಣ್ಣಕ್ಕ ದೂರದಲ್ಲಿ ನಿಂತಿದ್ದು ಹಿಂತಿರುಗಿದಳು.

ಕೆಲವು ದಿನ ಬಿಟ್ಟು ರುದ್ರಯ್ಯ ತಾನಾಗಿ ಕೇರಿಗೆ ಬಂದು ಅವಳ ಗುಡಿಸಲ ಮುಂದೆ ನಿಂತ. "ನೀನು ಏಳಿದ್ದೆ. ನಾನು ಕೇಳ್ಲಿಲ್ಲ."

"ಅವ್ರಿಗೇ ಏಳ್ಬೇಕಾಗಿತ್ತು ಬುದ್ಧಿ. ಕೈಯೆತ್ತಿದ್ದೆ, ತಟ್ನಿಲ್ಲ."

ಹೊಸ ಗೋಡೆಗೆ ಸುಣ್ಣದ ಗಾರೆಯನ್ನೇ ಮಾಡಿಕೊಡಬೇಕೆಂದು ಅವನು ಕೇಳಿದ. ಆಗಲೆಂದಳು.

ದೀಪಾವಳಿ ಕಳೆದು ಗೋಡೆ ಎದ್ದಿತು. ಸಣ್ಣಕ್ಕ ಗಾರೆ ಬಳಿದು ಕಲ್ಲಿನಿಂದ ತಿಕ್ಕುತ್ತಿದ್ದಳು. ಕಿಟಕಿಯ ಒಳಗೆ ಯಾರೋ ಬಂದು ನಿಂತರು. ತಲೆಯೆತ್ತಿ ನೋಡಿದರೆ ನೀಲಾಂಬಿಕೆ.

"ಸಣ್ಣಕ್ಕ, ಕೊನೇಲಿ ಅವ್ವನ ಜೊತೆ ಇದ್ದೋಳು ನೀನೊಬ್ಳೇ. ಏನಾರಾ ಅಂದ್ರಾ?"

ಕಲ್ಲು ಹಿಡಿದ ಕೈ ನಿಂತಿತು. ಅವಳಿಗೆ ಉಳಿದಿದ್ದದ್ದು 'ಬಂದ್ಯಾ' ಎಂಬ ಅದೊಂದೇ ಮಾತು. ನಾಲ್ಕು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ.

"ಅಂದ್ರು ಕಣವ್ವ. ನೀಲಾ ಬಂದ್ಲಾ ಅಂದ್ರು."

ನೀಲಾಂಬಿಕೆ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದು ಕೂತಳು. ಸಣ್ಣಕ್ಕ ಮುಖ ತಿರುಗಿಸಿ, ಗಾರೆ ಒಣಗುವುದರೊಳಗೆ ಮುಗಿಸಬೇಕಾಗಿದ್ದ ಮೂಲೆಯನ್ನು ತಿಕ್ಕತೊಡಗಿದಳು.