ನಿಂತಲ್ಲಿಂದ ಏಳುವ ವಿಮಾನ

ಸಿದ್ದೇಶ್ ಸ್ಟೂಲಿನ ಮೇಲೆ ನಿಂತು ದಾರಗಳನ್ನು ಕತ್ತರಿಸುತ್ತಿದ್ದ. ಜಂತೆಯಿಂದ ತೂಗುಬಿಟ್ಟಿದ್ದ ಪ್ಲಾಸ್ಟಿಕ್ ವಿಮಾನಗಳು, ಮಂಚದ ಮೇಲಿದ್ದ ಅವನ ಭಾವ ಶಿವರಾಮುವಿನ ಹೆಣ ಎತ್ತಲು ಬಂದವರ ತಲೆಗೆ ತಾಗುತ್ತಿದ್ದವು.

"ರೆಕ್ಕೆ ಮುರ್ದೀಯ, ಮೆಲ್ಲಗೆ ಕಣ್ಲಾ," ಎಂದಳು ಅಕ್ಕ ಮಂಗಳಮ್ಮ. ಗಂಡ ಸತ್ತ ಮೇಲೆ ಅವಳಾಡಿದ ಮೊದಲ ಮಾತು ಅದು.

"ಎಲ್ಲಿ ಮಡಗ್ಲಕ್ಕಾ ಇವ್ಗಳ್ನ?"

"ಚೀಲುಕ್ಕೆ ಆಕು."

ಒಂದು ರೆಕ್ಕೆ ಇನ್ನೂ ಅಂಟಿಸದ ಬೂದು ವಿಮಾನವನ್ನು ಮಾತ್ರ ಅವಳು ಸೆರಗಿನಲ್ಲಿ ಸುತ್ತಿಕೊಂಡಳು.

*

ವರ್ಷಗಳ ಹಿಂದೆ ಗೆಜ್ಜಲಗೆರೆಯ ಕಾರ್ಖಾನೆಯಿಂದ ಸೋಮನಹಳ್ಳಿಗೆ ಬರುವಾಗ ಶಿವರಾಮು ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮಲಗಿದಲ್ಲೇ ಮೊಬೈಲಿನಲ್ಲಿ ನೋಡಿ ಬಿಡಿಭಾಗ ಜೋಡಿಸಿ ಅಂಟಿಸುವ ಪುಟ್ಟ ವಿಮಾನದ ಕಿಟ್ಟು ತರಿಸತೊಡಗಿದ. ರನ್‌ವೇಯಲ್ಲಿ ಓಡದೆ ನಿಂತಲ್ಲಿಂದಲೇ ಮೇಲೇಳುವ ಜೆಟ್ಟುಗಳೇ ಬೇಕು ಅವನಿಗೆ. ಯಾವುದೋ ದೇಶದಲ್ಲಿ ಪರೀಕ್ಷೆಗೆಂದು ಒಂದೋ ಎರಡೋ ಮಾಡಿ ಕೈಬಿಟ್ಟಂಥವು. ಬರುಬರುತ್ತಾ ಬೆರಳೂ ನಡುಗತೊಡಗಿದವು. ಆಮೇಲೆ ಅವನು ಹೇಳುವುದು, ಮಂಗಳಮ್ಮ ಅಂಟಿಸುವುದು.

"ಇದು ಎದ್ದಿತ್ತಾ?" ಎಂದು ಒಮ್ಮೆ ಕೇಳಿದ್ದಳು.

"ಎದ್ದಿತ್ತು ಕಣೆ. ತೆಂಗಿನ ಮರದಷ್ಟು ಎತ್ರ ಓಗಿ ಮಗುಚ್ಕತು. ಅಲ್ಲಿಗೆ ಬುಟ್‌ಬುಟ್ರು."

"ಬಿದ್ದೋದ್ನೆಲ್ಲ ಯಾಕ್ ಮಾಡ್ಕ ಕೂತೀರಿ?"

"ಬೀಳಕ್ ಮುಂಚೆ ಎದ್ದಿತ್ತಲ್ಲ," ಎಂದು ಅವನು ಜಂತೆ ನೋಡಿದ್ದ.

*

ಹೊಲದ ಅಂಚಿನಲ್ಲಿ ತೆಗೆದ ಗುಂಡಿಗೆ ಹೆಣ ಇಳಿಸಿದ್ದರು. ಮಂಗಳಮ್ಮ ಸೆರಗು ಬಿಚ್ಚಿ, ಗಂಡನ ಅಣ್ಣ ನಿಂಗಯ್ಯನ ಮುಂದೆ ಬೂದು ವಿಮಾನ ಹಿಡಿದಳು.

"ಇದೊಂದ ಅವರ್ ಜೊತೆ ಮಡಗಿ ಬಾವ."

"ಪ್ಲಾಸ್ಟಿಕ್ಕು ಮಣ್ಣಾಗಕಿಲ್ಲ ಕಣಮ್ಮ. ನಾಳೆ ಉಳುವಾಗ ನೇಗ್ಲಿಗೆ ಸಿಕ್ತದೆ. ಆಟದ್ ಸಾಮಾನು ಯಾಕೆ ಇಲ್ಲಿ?"

"ಆಟದ್ದಲ್ಲ ಬಾವ. ಇದ ನಾವಿಬ್ರೂವೆ..."

ನಿಂಗಯ್ಯ ಆಗಲೇ ಗುದ್ದಲಿಗೆ ಕೈ ಹಾಕಿದ್ದ. ಅವಳು ವಿಮಾನವನ್ನು ಎಡಗೈಯಲ್ಲಿ ಹಿಡಿದೇ ಬಲಗೈಯಿಂದ ಒಂದು ಹಿಡಿ ಮಣ್ಣು ಹಾಕಿದಳು.

ಮನೆಗೆ ಬಂದರೆ, ಜಗಲಿಯಲ್ಲಿದ್ದ ವಿಮಾನಗಳ ಚೀಲದ ಮೇಲೆ ಯಾರೋ ಕೂತು ಎದ್ದು ಹೋಗಿದ್ದರು. ಸಿದ್ದೇಶ್ ಒಳಗೆ ಕೈಯಾಡಿಸಿ, ಅಕ್ಕನ ಮುಖ ನೋಡದೆ ಚೀಲದ ಬಾಯಿ ಕಟ್ಟತೊಡಗಿದ.

"ತಡಿ, ಇದ್ನೂವೆ ಆಕು," ಎಂದು ಅವಳು ಕೈಲಿದ್ದದ್ದನ್ನು ನೀಡಿದಳು.

"ಬ್ಯಾಡಕ್ಕಾ, ಇದೊಂದ್ನಾರ ಮಡಿಕೊ. ಆ ರೆಕ್ಕೆ ಅಂಟುಸ್ಕಂಡ್ರಾಯ್ತು."

"ಎಂಗೆ ಅಂಟುಸ್ಬೇಕು ಅಂತ ಯಾರ್ ಏಳ್ಕೊಟ್ಟಾರು?"

ಅವನು ಇಸಿದುಕೊಂಡ.

ಶಿವರಾಮುವಿನ ಹಾಸಿಗೆಯನ್ನು ಹೆಂಗಸರು ಹಿತ್ತಲ ತಿಪ್ಪೆಗೆ ಎಸೆದಿದ್ದರು. ಇಷ್ಟು ವರ್ಷ ಅವನ ಬೆನ್ನು ಒತ್ತಿದ್ದ ತಗ್ಗು ಹತ್ತಿಯ ನಡುವೆ ಹಾಗೇ ಇತ್ತು. ಕೋಳಿಯೊಂದು ಬಂದು, ಕಾಲಿನಿಂದ ಎರಡು ಸಲ ಕೆದಕಿ, ಅದರೊಳಗೆ ಇಳಿದು ಕೂತಿತು.