ಹೆಬ್ಬೆರಳಿನ ಗುರುತಿಲ್ಲದ ಕುಂಬಳಕಾಯಿ

ನಾನು ಒಂದು ಕುಂಬಳಕಾಯಿ. ಆದರೆ ಬಳ್ಳಿ ಎಂದರೆ ಹೇಗಿರುತ್ತದೆ ಎಂದು ನಾನು ಕಂಡಿಲ್ಲ. ಅಳ್ನಾವರದ ಒಂದು ಅಡುಗೆಮನೆಯಲ್ಲಿ, ತಳ ಸುಟ್ಟ ಹಳೆಯ ಬೋಗುಣಿಯೊಳಗೆ ಹುಟ್ಟಿದೆ. ಒಂದು ಬಟ್ಟಲು ಕಾರ್ನ್‌ಫ್ಲೋರ್, ಬಡಿಗರು ಕಟ್ಟಿಗೆಗೆ ಹಚ್ಚುವ ಬಿಳಿ ಅಂಟು ಒಂದು ಬಟ್ಟಲು, ಒಂದು ಚಮಚ ಎಣ್ಣೆ, ಬೂಸ್ಟು ಹಿಡಿಯದಿರಲೆಂದು ಅರ್ಧ ನಿಂಬೆಹಣ್ಣಿನ ರಸ. ಸಣ್ಣ ಉರಿಯ ಮೇಲೆ ಇವನ್ನೆಲ್ಲ ತಿರುವುತ್ತ ಹೋದಂತೆ ನಾನು ಬೋಗುಣಿಯ ಅಂಚು ಬಿಟ್ಟು ಒಂದೇ ಮುದ್ದೆಯಾದೆ.

ಬಾಗಿಲಲ್ಲಿ ನಿಂತಿದ್ದ ಮುದುಕಿ ತಂಗೆವ್ವ ಮೂಗು ಹಿಡಿದುಕೊಂಡಳು. “ಇದೆಂಥಾ ಝುಣಕಾ ಯವ್ವಾ? ವಾಸನಿ ಹಿಂಗ್ಯಾಕ ಬರಾಕತ್ತೈತಿ?”

“ಅಜ್ಜಿ, ಬಾಯಾಗ ಹಾಕ್ಕೊಂಡೀರಿ ಮತ್ತ! ಇದು ಅಂಟು,” ಎಂದು ನಕ್ಕವಳು ಪದ್ಮಜಾ. ಆ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದು ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬಿ.ಎಡ್. ಓದುತ್ತಿದ್ದ ಹುಡುಗಿ. ನವರಾತ್ರಿಯ ಹೊತ್ತಿಗೆ ಅವಳು ಶಾಲೆಯ ಮಕ್ಕಳಿಗೆ ಶರದೃತುವಿನ ಪಾಠ ಮಾಡಬೇಕಿತ್ತು. ತರಗತಿಯ ತುಂಬ ಕುಂಬಳಕಾಯಿ ಜೋಡಿಸುವ ಹಂಬಲ ಅವಳದು. ಒಲೆಯಲ್ಲಿ ಸುಡದೆ ಗಾಳಿಗೇ ಒಣಗುವ ಮಣ್ಣು ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುತ್ತಿತ್ತು. ಆದರೆ ಇಪ್ಪತ್ತು ಕಾಯಿಗೆ ಅಷ್ಟು ಪಾಕೀಟು ಕೊಳ್ಳುವುದು ಅವಳ ಕೈಲಾಗದ ಮಾತು. ಅದಕ್ಕೇ ಈ ಮನೆಮದ್ದು.

ಆ ಮುದ್ದೆಯನ್ನು ನಾದಲು ಕೂತವಳು ಮಲಪ್ರಭಾ, ತಂಗೆವ್ವನ ಸೊಸೆ. ನಾನು ಹತ್ತಿರದಿಂದ ಕಂಡ ಮೊದಲ ಮುಖ ಅವಳದು. ಅದರಲ್ಲಿ ನಗುವಿರಲಿಲ್ಲ.

ಮಲಪ್ರಭಾ ಬಸ್ ಕಂಡಕ್ಟರ್. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ, ಹನ್ನೊಂದು ವರ್ಷವಾಗಿತ್ತು. ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಅಳ್ನಾವರ–ಧಾರವಾಡ ಬಸ್ಸಿಗೆ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ದಸ್ತಗೀರ ಬ್ರೇಕ್ ತುಳಿದ. ನಿಂತು ಟಿಕೆಟ್ ಕೊಡುತ್ತಿದ್ದ ಮಲಪ್ರಭಾ ಮುಗ್ಗರಿಸಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಒಳಗೆ ಲೋಹದ ಪಟ್ಟಿ ಕೂಡಿಸಿ ಹೊಲಿದರು. ಎಲುಬು ಕೂಡಿತು, ಬೆರಳು ಮಾತ್ರ ಮಡಿಚಲು ಬರಲಿಲ್ಲ. ಹಿಟ್ಟಿನಂಥದ್ದನ್ನು ದಿನಾ ಹಿಚುಕಬೇಕು ಎಂದಿದ್ದರು ಡಾಕ್ಟರು. ದಸರೆ ಮುಗಿದ ಮೇಲೆ ಧಾರವಾಡದಲ್ಲಿ ಡಾಕ್ಟರುಗಳ ಬೋರ್ಡು ಅವಳ ಕೈ ನೋಡುವುದಿತ್ತು. ಅದರಲ್ಲಿ ಪಾಸಾಗದಿದ್ದರೆ ಬಸ್ಸಿಲ್ಲ, ಡಿಪೋದ ಒಳಗೆ ಕುರ್ಚಿ.

“ಛಲೋನ ಆತಲ್ಲ, ಕುಂತು ಉಣ್ಣು,” ಎಂದು ಅತ್ತೆ ಸಮಾಧಾನ ಹೇಳಿದರೆ ಸೊಸೆ ಸಿಡುಕುತ್ತಿದ್ದಳು.

“ಕುಂತ್ರ ನನ್ನ ಕಾಲಾಗ ಇರಿವಿ ಹರದಂಗ ಆಕ್ಕೈತ್ರಿ ಅತ್ತಿ. ಈ ಆರು ತಿಂಗಳಾಗ ನಾ ಅರ್ಧಾ ಸತ್ತೀನಿ.”

ಅದು ಸುಳ್ಳಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಅವಳು ದಿನವಿಡೀ ಓಡಾಡುವುದನ್ನು ನಾನು ಆಮೇಲೆ ಕಿಟಕಿಯಲ್ಲಿ ಕೂತು ನೋಡಿದ್ದೇನೆ. ಬೀದಿಯಲ್ಲಿ ಬಸ್ಸಿನ ಸದ್ದಾದರೆ ನಿಂತ ಕಾಲಲ್ಲೇ ಕತ್ತು ಹೊರಳಿಸುತ್ತಿದ್ದಳು.

ಹಿಟ್ಟು ಉಳಿಸಲು ಪದ್ಮಜಾ ಹಳೆಯ ಪೇಪರನ್ನು ಮುದುರಿ ಉಂಡೆ ಕಟ್ಟಿ ದಾರ ಸುತ್ತಿದಳು. ಅದರ ಮೇಲೆ ನನ್ನನ್ನು ರೊಟ್ಟಿಯ ದಪ್ಪಕ್ಕೆ ಬಳಿದರು. ಮಲಪ್ರಭಾ ನನ್ನನ್ನು ಬಲಗೈಯಲ್ಲಿ ಹಿಡಿದು ಹಿಚುಕಿದಳು. ತುಟಿ ಕಚ್ಚಿ ಮತ್ತೆ ಹಿಚುಕಿದಳು. ನಾಲ್ಕು ಬೆರಳು ನನ್ನ ಬೆನ್ನಲ್ಲಿ ಅಷ್ಟಷ್ಟು ಒತ್ತಿದವು. ಹೆಬ್ಬೆರಳು ಮಾತ್ರ ಒಣಗಿದ ಕಡ್ಡಿಯಂತೆ ಪಕ್ಕಕ್ಕೇ ನಿಂತಿತು. ಇಡೀ ಮಧ್ಯಾಹ್ನ ಅದರೊಂದಿಗೆ ಹೋರಾಡಿದಳು. ಕೊನೆಗೆ ಪದ್ಮಜಾ ಎಂಟು ಕಡೆ ಚಮಚದ ಹಿಡಿಯಿಂದ ಗೆರೆ ಒತ್ತಿ, ಒಂದು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಕಿತ್ತು ನನ್ನ ತಲೆಗೆ ಚುಚ್ಚಿದಾಗ ನಾನು ಕುಂಬಳಕಾಯಿಯಾದೆ. ಸೊಟ್ಟ ಕುಂಬಳಕಾಯಿ.

“ನೆರಳಾಗ ಮೂರು ದಿನ ಇಡ್ರಿ ಕಾಕು. ಅವಸರ ಮಾಡಿದ್ರ ಸೀಳತೈತಿ,” ಎಂದು ಪದ್ಮಜಾ ಮಲಪ್ರಭಾಗೆ ಹೇಳಿದಳು.

ಮಲಪ್ರಭಾಗೆ ಮೂರು ದಿನ ಕಾಯುವ ತಾಳ್ಮೆ ಎಲ್ಲಿತ್ತು? ಮರುದಿನ ಪದ್ಮಜಾ ಕಾಲೇಜಿಗೆ ಹೋದದ್ದೇ ತಡ, ನನ್ನನ್ನು ಮಾಳಿಗೆಯ ಬಿಸಿಲಿಗಿಟ್ಟಳು. ಹನ್ನೆರಡು ಹೊಡೆಯುವುದರೊಳಗೆ ನಾನು ಪಕ್ಕೆಯಲ್ಲಿ ಸೀಳಿದೆ. ಅವಳು ಕಳ್ಳಿಯಂತೆ ಅಂಟಿಗೆ ಹಿಟ್ಟು ಕಲಸಿ ಸೀಳು ಮುಚ್ಚಿ, ಕೆಮ್ಮಣ್ಣಿಗೆ ಅರಿಶಿನ ಬೆರೆಸಿ ಮೇಲೆ ಬಳಿದಳು. ಬಣ್ಣಕ್ಕೆ ಬೇರೆ ಖರ್ಚೇ ಆಗಲಿಲ್ಲ. ಸಂಜೆ ಪದ್ಮಜಾ ನನ್ನನ್ನು ತಿರುವಿ ನೋಡಿ ಕಿಟಕಿಯಲ್ಲಿಟ್ಟಳು.

ಆಮೇಲೆ ಮಲಪ್ರಭಾ ದಿನಕ್ಕೆ ಮೂರು, ನಾಲ್ಕು ಕಾಯಿ ಮಾಡತೊಡಗಿದಳು. ನನ್ನ ತಮ್ಮಂದಿರು ದುಂಡಗೆ ಬಂದರು. ಇಪ್ಪತ್ತಾದವು, ಮೂವತ್ತಾದವು. ತಂಗೆವ್ವ ಬೋಗುಣಿ ಕೊಟ್ಟದ್ದಕ್ಕೆ ಪರಿತಪಿಸಿದಳು. ಬುಟ್ಟಿ ತುಂಬಿ ಶಾಲೆಗೆ ಹೋದವುಗಳಲ್ಲಿ ನಾನಿರಲಿಲ್ಲ. ನನ್ನನ್ನು ಕಿಟಕಿಯಲ್ಲೇ ಬಿಟ್ಟರು.

ಖಂಡೇನವಮಿಯ ಮುಂಜಾನೆ ಮಲಪ್ರಭಾ ಪದ್ಮಜಾಳನ್ನು ಕೇಳಿದಳು, “ದಸ್ತಗೀರಣ್ಣ ಹೆಂಗದಾನ? ಆರು ತಿಂಗಳಾತು, ಒಂದ್ ದಿನಾ ಈ ಕಡಿ ಮುಖಾ ಹಾಕಿಲ್ಲ.”

“ಭಾಳ ಸಾವಕಾಶ ಹೊಡೀತಾರ ಕಾಕು. ದಿನಾ ಕ್ಲಾಸಿಗೆ ತಡಾ ಆಗತೈತಿ. ಮಂದಿ ಬೈತಾರ, ಅವರು ಮಾತ ಆಡಂಗಿಲ್ಲ.”

ಮಲಪ್ರಭಾ ಕಿಟಕಿಯ ಬಳಿ ಹೋದಳು. ನನ್ನನ್ನು ಎತ್ತಿ ತಂದು ಪದ್ಮಜಾಳ ಚೀಲಕ್ಕೆ ಹಾಕಿದಳು. “ಇದನ್ನ ಅವಂಗ ಕೊಡು. ನಾನಽ ಮಾಡೀನಿ ಅಂತ ಹೇಳು. ನನ್ನ ಕೈ ಮುರದದ್ದು ಎಮ್ಮಿ, ಅಂವಾ ಅಲ್ಲ.”

ಹೀಗೆ ನಾನು ಕೈಯಿಂದ ಕೈಗೆ ಹೋದೆ.

ಡಿಪೋದಲ್ಲಿ ಆ ದಿನ ಆಯುಧಪೂಜೆಗೆಂದು ಬಸ್ಸುಗಳನ್ನು ತೊಳೆದು ಚೆಂಡುಹೂವಿನ ಮಾಲೆ ಹಾಕಿದ್ದರು. ನಿಜವಾದ ಕುಂಬಳಕಾಯಿಯೊಂದಕ್ಕೆ ಕುಂಕುಮ ತುಂಬಿ ಚಕ್ರದ ಮುಂದೆ ಒಡೆದರು. ಅದರ ಬೀಜ ನೆಲದ ಮೇಲೆ ಚೆಲ್ಲಿದ್ದು ಕಂಡು ನನ್ನೊಳಗಿನ ಪೇಪರು ನಡುಗಿತು. ದಸ್ತಗೀರ ಊದಿನಕಡ್ಡಿ ಬೆಳಗಿ ಬಂದವನು ಪದ್ಮಜಾ ಕೊಟ್ಟ ನನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನರೆತ ಗಡ್ಡದ, ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿದ. ನಿಧಾನಕ್ಕೆ ನನ್ನನ್ನು ತಿರುಗಿಸಿದ. ನನ್ನ ಬೆನ್ನಿನ ನಾಲ್ಕು ಕುಳಿಗಳಲ್ಲಿ ತನ್ನ ಬೆರಳು ಒಂದೊಂದಾಗಿ ಇಟ್ಟ. ಐದನೆಯದಕ್ಕೆ ಜಾಗ ಹುಡುಕಿದ.

“ಹೆಬ್ಬಟ್ಟು ಬಂದಿಲ್ಲವ್ವ,” ಎಂದ. ಅಷ್ಟೇ.

ಅವನಿಗೆ ಧೈರ್ಯ ಹೇಳಲು ಮಲಪ್ರಭಾ ನನ್ನನ್ನು ಕಳಿಸಿದ್ದಳು. ನಾನು ಹೇಳಿದ್ದು ಬೇರೆಯೇ. ನನಗೆ ಬಾಯಿದ್ದರೆ ಶಾಲೆಯಲ್ಲಿ ಮೂವತ್ತು ದುಂಡು ತಮ್ಮಂದಿರಿದ್ದಾರೆ ಎಂದು ಕೂಗಿ ಹೇಳುತ್ತಿದ್ದೆ.

ದಸ್ತಗೀರ ಕರವಸ್ತ್ರದ ಸಿಂಬಿ ಮಾಡಿ ನನ್ನನ್ನು ಗಾಜಿನ ಮುಂದಿನ ಹಲಗೆಯ ಮೇಲೆ ಕೂಡಿಸಿದ. ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಇಂಜಿನ್ನಿನ ನಡುಕ ದಿನವಿಡೀ ಮೈಗೆ ಹತ್ತುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ದಸ್ತಗೀರನ ನಡುಕ. ದೂರದಲ್ಲಿ ಒಂದು ಕೋಳಿ ಕಂಡರೂ ಅವನ ಕಾಲು ಬ್ರೇಕಿಗೆ ಹೋಗುತ್ತಿತ್ತು. ಬಯಲು ರಸ್ತೆಯಲ್ಲೂ ಬಸ್ಸು ಬಸುರಿ ಆಕಳಂತೆ ನಡೆಯುತ್ತಿತ್ತು. ಬದಲಿಗೆ ಬಂದ ಕಂಡಕ್ಟರ್ ಹಲ್ಲು ಕಡಿಯುತ್ತಿದ್ದ. ಹಿಂದಿನ ಸೀಟಿನಿಂದ ಯಾರೋ, “ಇಳದು ನಡಕೋತ ಹೋದ್ರ ಲಗೂ ಮುಟ್ಟತೀವಿ,” ಎಂದು ಕೂಗುತ್ತಿದ್ದರು. ದಸ್ತಗೀರ ನನ್ನನ್ನು ನೋಡುತ್ತಿದ್ದ, ಮತ್ತೆ ರಸ್ತೆ ನೋಡುತ್ತಿದ್ದ. ನನ್ನನ್ನು ಕಿಟಕಿಯಿಂದ ಎಸೆದುಬಿಡಲಿ ಎಂದು ನನಗೇ ಅನ್ನಿಸಿದ ದಿನಗಳಿವೆ.

ಬೋರ್ಡಿನ ದಿನ ಬಂತು. ಮಲಪ್ರಭಾ ಅದೇ ಬಸ್ಸು ಹತ್ತಿದಳು. ಖಾಲಿ ಸೀಟಿದ್ದರೂ ಕೂರದೆ ಮುಂದೆ ಬಂದು ಡ್ರೈವರನ ಹಿಂದೆ ನಿಂತಳು. ಆರು ತಿಂಗಳ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಕನ್ನಡಿಯಲ್ಲಿ.

“ಕೂಡ್ರು ತಂಗಿ.”

“ಬಸ್ಸಿನ್ಯಾಗ ನಾ ಯಾವಾಗ ಕುಂತೀನಣ್ಣಾ?”

ದಸ್ತಗೀರ ಗೇರು ಹಾಕಿದ. ಬಸ್ಸು ಊರು ದಾಟಿತು. ಆಮೇಲೆ ಎತ್ತಿನ ಗಾಡಿಯೊಂದು ಮುಂದೆ ಸಿಕ್ಕಿತು. ರಸ್ತೆ ಖಾಲಿಯಿದ್ದರೂ ಅವನು ಅದನ್ನು ದಾಟಿ ಹೋಗಲಿಲ್ಲ, ಅದರ ಹಿಂದೆಯೇ ಸಾಗಿದ. ಮಲಪ್ರಭಾ ಕಾಲು ಬದಲಿಸುತ್ತ ನಿಂತಳು. ಗಡಿಯಾರ ನೋಡಿದಳು.

“ಹನ್ನೊಂದಕ್ಕ ಬೋರ್ಡು ಐತಿ. ಈ ನಮೂನಿ ಹೋದ್ರ ನಾ ಸಂಜಿಗೆ ಮುಟ್ಟತೀನಿ. ತಡಾ ಆದ್ರ ಕುರ್ಚಿ ಗ್ಯಾರಂಟಿ ನನಗ.”

“ಕುರ್ಚಿ ಏನ್ ಕೆಟ್ಟದ್ದಲ್ಲ. ಅಲ್ಲಿ ಯಾರೂ ಬ್ರೇಕ್ ಹೊಡ್ಯಾಂಗಿಲ್ಲ.” ಅವನ ಧ್ವನಿ ಒಡೆದಿತ್ತು. “ನನಗ ರಾತ್ರಿ ನಿದ್ದಿ ಹತ್ತಂಗಿಲ್ಲ ತಂಗಿ. ನೀ ಬಿದ್ದ ಸಪ್ಪಳ ಇನ್ನೂ ಕಿವ್ಯಾಗ ಐತಿ. ಹೆಂಗ ಬರಲಿ ನಿನ್ನ ಮನಿಗೆ? ಏನಂತ ಮಾರಿ ತೋರಸಲಿ?”

“ಬಂದಿದ್ರ ಚಾ ಕುಡಸ್ತಿದ್ದೆ. ಬರಲಿಲ್ಲ, ಅದಕ್ಕ ಸಿಟ್ಟು. ನಂಗ ಬ್ಯಾರೆ ಸಿಟ್ಟಿಲ್ಲ.” ಒಂದು ಕ್ಷಣ ತಡೆದಳು. “ಖರೇ ಹೇಳಲಿ? ನನಗೂ ಹೆದರಿಕಿ ಐತಿ. ಇಲ್ಲಿ ನಿಂತ್ರ ಎದಿ ಹೊಡಕೋತೈತಿ. ಅದಕ್ಕ ನಿಂತೀನಿ.”

ಗಾಡಿ ಹೊಲದ ದಾರಿಗೆ ಹೊರಳಿತು. ದಸ್ತಗೀರ ಉಸಿರು ಎಳೆದುಕೊಂಡು ವೇಗ ಏರಿಸಿದ. ಮರಗಳು ಹಿಂದಕ್ಕೆ ಓಡತೊಡಗಿದವು. ನಾನು ಸಿಂಬಿಯ ಮೇಲೆ ಕುಣಿದೆ.

ಕೆರೆಯ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿದ ಬೈಕೊಂದು ಅಡ್ಡದಾರಿಯಿಂದ ನುಗ್ಗಿತು. ದಸ್ತಗೀರ ಇಡೀ ಮೈಭಾರ ಬ್ರೇಕಿನ ಮೇಲೆ ಹಾಕಿದ. ಬಸ್ಸು ಕಿರುಚಿ ನಿಂತಿತು. ಜನ ಮುಂದಿನ ಸೀಟಿಗೆ ಬಡಿದುಕೊಂಡರು, ಬುಟ್ಟಿಗಳು ಉರುಳಿದವು. ನಾನು ಹಲಗೆಯಿಂದ ಹಾರಿ ಕಬ್ಬಿಣದ ನೆಲಕ್ಕೆ ಬಿದ್ದು ಸರಿಯಾಗಿ ಎರಡು ಹೋಳಾದೆ. ಬೈಕಿನವ ಕೈ ಮುಗಿದು ಪಾರಾಗಿ ಹೋದ.

ದಸ್ತಗೀರ ಹಿಂದೆ ತಿರುಗಲಿಲ್ಲ. ಸ್ಟೇರಿಂಗಿನ ಮೇಲೆ ಹಣೆ ಇಟ್ಟ. “ತಂಗೀ…” ಎಂದ.

ನೆಲದ ಮೇಲಿದ್ದ ನನಗೆ ಮಾತ್ರ ಎಲ್ಲವೂ ಕಾಣುತ್ತಿತ್ತು. ಅವಳು ಬಿದ್ದಿರಲಿಲ್ಲ. ಸೀಟಿನ ಪಕ್ಕದ ಕಂಬಕ್ಕೆ ಜೋತು ಬಿದ್ದಿದ್ದಳು. ಹಿಡಿದದ್ದು ಬಲಗೈ. ಯೋಚಿಸಿ ಹಿಡಿದದ್ದಲ್ಲ, ಕೈ ತಾನೇ ಹೋಗಿ ಹಿಡಿದಿತ್ತು. ನಾಲ್ಕು ಬೆರಳ ಮೇಲೆ ಹೆಬ್ಬೆರಳು ಬಿಗಿಯಾಗಿ ಮಡಚಿ ಕೂತಿತ್ತು. ಅವಳು ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

“ಅಣ್ಣಾ,” ಎಂದಳು ಕೊನೆಗೆ, “ತಿರುಗಿ ನೋಡು. ಹೆಬ್ಬಟ್ಟು ನೋಡು.”

ಅವನು ನೋಡಿದ. ನೋಡಿ, ತೋಳಿನಿಂದ ಮುಖ ಒರೆಸಿಕೊಂಡ. ಹಿಂದಿನಿಂದ ಯಾರೋ ಬೈಯುತ್ತಿದ್ದರು, ಒಂದು ಕೂಸು ಅಳುತ್ತಿತ್ತು. ಇಬ್ಬರಿಗೂ ಅದು ಕೇಳಿಸಲಿಲ್ಲ.

“ಈಗರ ಹೊಡಿ,” ಎಂದಳು ಮಲಪ್ರಭಾ. “ಹತ್ತೂವರಿ ಆತು.”

ಅವನು ಹೊಡೆದ. ಆ ದಿನ ಆ ಬಸ್ಸು ಓಡಿದಂತೆ ಮತ್ತೆ ಓಡಿದ್ದನ್ನು ನಾನು ಕಾಣೆ.

ಸಂಜೆ ವಾಪಸಾಗುವಾಗ ಅವಳು ಹತ್ತಿ ಒಂದೇ ಮಾತು ಹೇಳಿದಳು. “ಒಂದನೇ ತಾರೀಖು.” ಡ್ಯೂಟಿಗೆ ಹಾಜರಾಗುವ ದಿನ. ದಸ್ತಗೀರ ಹೊರಡದೆ ಸುಮ್ಮನೆ ಎರಡು ಸಲ ಹಾರ್ನ್ ಹೊಡೆದ. ನನ್ನ ಹೋಳುಗಳನ್ನು ಅವನು ಅಷ್ಟರಲ್ಲೇ ಅಂಟಿನಿಂದ ಕೂಡಿಸಿದ್ದ. ತೊಟ್ಟು ಸಿಕ್ಕಿರಲಿಲ್ಲ.

ಎರಡು ವರ್ಷ ಅವರಿಬ್ಬರ ನಡುವೆ ನಾನು ಓಡಿದೆ. ಅವರು ಜಗಳವಾಡಿದರು, ಒಂದೇ ಡಬ್ಬಿಯ ರೊಟ್ಟಿ ತಿಂದರು. ಪದ್ಮಜಾ ಶಿಕ್ಷಕಿಯಾಗಿ ಊರು ಬಿಟ್ಟಳು. ದಸ್ತಗೀರ ನಿವೃತ್ತನಾದ ದಿನ ಹಾರದ ಗದ್ದಲದಲ್ಲಿ ನಾನು ಸೀಟಿನ ಕೆಳಗೆ ಉರುಳಿದೆ. ಯಾರೂ ಕಾಣಲಿಲ್ಲ. ಮಲಪ್ರಭಾ ಬೇರೆ ರೂಟಿಗೆ ಹೋದಳು. ಅವರು ನನ್ನನ್ನು ಹುಡುಕಿರಬಹುದು, ಹುಡುಕದೆಯೂ ಇರಬಹುದು. ಕೈ ನೆಟ್ಟಗಾದ ಮೇಲೆ ಮುರಿದ ದಿನದ ಗುರುತು ಯಾರಿಗೆ ಬೇಕು?

ಬಸ್ಸಿಗೆ ವಯಸ್ಸಾಯಿತು. ಈಗ ಹುಬ್ಬಳ್ಳಿಯ ಹೊರಗಿನ ಗುಜರಿ ಅಂಗಳದಲ್ಲಿ ಚಕ್ರವಿಲ್ಲದೆ ಕೂತಿದೆ, ಅದರೊಳಗೆ ನಾನು. ಗಾಜು ಹೋದ ಕಿಟಕಿಯಿಂದ ಮಳೆ ಬಂದಾಗ ನಾನು ಸ್ವಲ್ಪ ಮೆತ್ತಗಾಗುತ್ತೇನೆ. ಇರುವೆಗಳು ನನ್ನ ಹಿಟ್ಟನ್ನು ಕಂಡುಕೊಂಡಿವೆ. ಪಕ್ಕದ ಬಸ್ಸನ್ನು ಮೊನ್ನೆ ಗ್ಯಾಸ್ ಕಟರಿನಿಂದ ಕೊಯ್ದರು. ಈ ಬಸ್ಸಿನ ಮೈಮೇಲೂ ಸುಣ್ಣದ ಗೆರೆ ಎಳೆದಿದ್ದಾರೆ.

ಇಲ್ಲಿ ನಿಂತದ್ದೆಲ್ಲ ತಣ್ಣಗಿದೆ. ನಾನೊಂದೇ ತಣ್ಣಗಿಲ್ಲ. ನಡುಗುವ ಹಲಗೆಯ ಮೇಲೆ ಬಾಳಿದವರಿಗೆ ಅಲುಗದ ನೆಲ ಒಗ್ಗುವುದಿಲ್ಲ. ನನ್ನನ್ನು ಮಾಡಿದವಳ ಸ್ವಭಾವ ನನ್ನ ಹಿಟ್ಟಿಗೂ ಹತ್ತಿರಬೇಕು.

ಗೋಡೆಯಾಚೆ ಹೆದ್ದಾರಿ. ಉಬ್ಬು ಬಂದಲ್ಲಿ ಬಸ್ಸುಗಳು ನಿಧಾನಿಸುತ್ತವೆ. ಇವತ್ತು ಮುಂಜಾನೆ ಒಂದು ತುಂಬಿದ ಬಸ್ಸು ಹಾಗೆ ನಿಧಾನಿಸಿದಾಗ ಒಳಗಿನಿಂದ ಒಬ್ಬ ಹೆಂಗಸಿನ ಗದರಿಕೆ ಕೇಳಿತು: “ಬಾಗಲದಾಗ ಯಾಕ ನಿಂತೀರಿ? ಮುಂದ ನಡೀರಿ, ಮುಂದ ಬೇಕಾದಷ್ಟು ಜಾಗ ಐತಿ!”

ಧ್ವನಿ ಅವಳದೇ ಎಂದು ಆಣೆ ಮಾಡಲಾರೆ. ಬಸ್ಸು ಉಬ್ಬು ದಾಟಿ ವೇಗ ಹೆಚ್ಚಿಸಿ ಹೋಯಿತು.