ಗುಡ್ಡದ ಬುಡಮೇಲಮ್ಮ

ನನ್ನಂಥ ಬಟ್ಟೆ ವ್ಯಾಪಾರಿಯ ಕಣ್ಣು ಮುಖಕ್ಕಿಂತ ಮೊದಲು ಮೈಮೇಲಿನ ಬಟ್ಟೆಗೆ ಹೋಗುತ್ತದೆ. ಆ ದೃಷ್ಟಿಯಲ್ಲಿ ನಗರದಂಚಿನ ಗುಡ್ಡದ ಉದ್ಯಾನವನ್ನು ಕಾಯುವ ಈ ಹೆಂಗಸು ಚೌಕಾಸಿಗೂ ಬಾರದ ಸರಕು. ಕೋಟಿನ ಬಣ್ಣ ಹಸಿರೋ ಕಂದೋ ಹೇಳಲು ಸಾಕ್ಷಿ ಬೇಕು. ಮೊಣಕೈಯಲ್ಲಿ ನೇಯ್ಗೆ ಸವೆದು ಜಾಲರಿಯಾಗಿದೆ. ಜೇಬುಗಳು ಮಾತ್ರ ಕಿತ್ತ ಸಸಿಗಳಿಂದ ಸದಾ ತುಂಬುಬಸುರಿ. ಅವಳು ಒಂದೆಡೆ ನಿಂತು ಮಾತಾಡಿದ್ದನ್ನು ಯಾರೂ ಕಂಡಿಲ್ಲ. ಪ್ರಶ್ನೆ ಇಲ್ಲಿ ಕೇಳಿದರೆ ಉತ್ತರ ತಿರುವಿನಾಚೆಯಿಂದ ಬರುತ್ತಿತ್ತು.

ಗುಡ್ಡದ ಕೆಳಮೈ ದಟ್ಟ ಕಾಡು. ನೆತ್ತಿಯಲ್ಲಿ ಮೊಣಕಾಲೆತ್ತರದ ಕುರುಚಲು ಹಬ್ಬಿದ, ಗಾಳಿಗೆ ಮೈಯೊಡ್ಡಿದ ನಿರಾಭರಣ ಬಯಲು, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳ ಮನೆ. ಕಾಡಿನ ಬೀಜಗಳು ಗಾಳಿಯೇರಿ ಬಂದು ಆ ಬಯಲನ್ನು ಕಬಳಿಸಲು ಹವಣಿಸುತ್ತಿದ್ದವು. ಇವಳು ಮೊಳೆತದ್ದನ್ನು ಮೊಳೆತಲ್ಲೇ ಕಿತ್ತು ಜೇಬಿಗಿಳಿಸುತ್ತಿದ್ದಳು. "ಕಾಯೋಕೆ ಇಟ್ಟವಳೇ ಗಿಡ ಕೀಳ್ತಾಳಲ್ರೀ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ!" ಎಂದು ಗೊಣಗುತ್ತಿದ್ದ ಬೆಳಗಿನ ನಡಿಗೆಯ ಮಂದಿಯೇ ಅವಳಿಗೆ ಬುಡಮೇಲಮ್ಮ ಎಂದು ನಾಮಕರಣ ಮಾಡಿದ್ದು.

ನನ್ನ ಮಾವ ತೀರಿಕೊಂಡ ಮೇಲೆ ಅವರ ಮಗಳಿಗೆ, ಎಂದರೆ ನನ್ನಾಕೆಗೆ, ಕೂತಲ್ಲಿ ಕೂರಲಾಗದೆ ನಿಂತಲ್ಲಿ ನಿಲ್ಲಲಾಗದೆ ಹೋಯಿತು. ಮಾವ ದಿನವೂ ಕೂರುತ್ತಿದ್ದ ನೆತ್ತಿಯ ಬಂಡೆಯೆದುರು ಅವಳೊಂದು ಸಸಿ ನೆಟ್ಟಳು. ನೆಟ್ಟ ಮೇಲೆ ಒಂದಿಷ್ಟು ನಿದ್ದೆ ಹತ್ತಿತು. ಸಸಿ ಹೋದರೆ ಅದೂ ಹೋದೀತೆಂಬ ದಿಗಿಲಿಗೆ ಬೆಳಗಾದರೆ ಕಾವಲಿಗೆ ಓಡುತ್ತಿದ್ದಳು. ಹಿಂದೆ ನಾನು, ಏದುಸಿರು ಬಿಡುತ್ತ.

ಒಂದು ಬೆಳಿಗ್ಗೆ ಬುಡಮೇಲಮ್ಮ ಬಂದೇ ಬಂದಳು.

"ಮುಟ್ಟಿದ್ರೆ ನೋಡು! ನಮ್ಮಪ್ಪನ ನೆನಪಿಗೆ ನೆಟ್ಟಿದ್ದು," ಎಂದು ನನ್ನಾಕೆ ಅಡ್ಡ ನಿಂತಳು.

"ಅಪ್ಪ ಅಂದ್ರೆ ಆ ಊರುಗೋಲಿನ ಯಜಮಾನ್ರಾ? ದಿನಾ ಬೈಯೋರು ನನ್ನ, 'ಆಚೆ ಸರಿ ತಾಯಿ, ನಮ್ಮೂರಿಗೇ ಅಡ್ಡ ನಿಂತಿದೀಯ' ಅಂತ." ಬಂಡೆಯನ್ನು ಒಂದು ಸುತ್ತು ಹಾಕಿ ಬಂದು ಅಂದಳು: "ನಾನಾದ್ರೆ ಸರೀತಿದ್ದೆ ಕಣಕ್ಕ. ಇದು ಮರ ಆದ್ಮೇಲೆ ಸರಿಯುತ್ತಾ?"

ನನ್ನಾಕೆ ಮೆಲ್ಲಗೆ ಬಂಡೆಯ ಮೇಲೆ ಕೂತಳು. ಕೆಳಗೆ ನಮ್ಮ ಬೀದಿ, ನೀರಿನ ತೊಟ್ಟಿ, ಅಂಗಡಿಯ ತಗಡಿನ ಮಾಡು. ಎಲ್ಲದರ ನಟ್ಟನಡುವೆ ಗೇಣುದ್ದದ ಸಸಿ.

"ನೀನು ಕೀಳ್ಬೇಡ," ಅಂದಳು, ಬಂಡೆಯಿಂದಿಳಿದು ಸಸಿಯ ಮುಂದೆ ಕೂತು. "ನಾನೇ ತೆಗೀತೀನಿ."

ಆಗ ಮಾತ್ರ ಬುಡಮೇಲಮ್ಮ ನಿಂತಳು. ಕೋಟು ಬಿಚ್ಚಿ ನೆಲಕ್ಕೆ ಹಾಸಿದಳು. ನನ್ನಾಕೆ ಅಗೆದೆತ್ತಿದ ಬೇರು ಮಣ್ಣಿನ ಹೆಂಟೆಯೊಡನೆ ಅದರಲ್ಲಿ ಕೂತಿತು. ಕೋಟಿನ ತೋಳುಗಳನ್ನು ಗಂಟಿಕ್ಕಿ, ಕೂಸಿನಂತೆ ಎತ್ತಿಕೊಂಡು ಕಾಡಂಚಿಗೆ ಇಳಿದು, ಇಬ್ಬರೂ ಸೇರಿ ನೆಟ್ಟರು.

"ಇಲ್ಲಿ ಬದುಕುತ್ತಾ?" ನನ್ನಾಕೆ ಕೇಳಿದಳು.

"ಬದುಕದೆ ಇನ್ನೇನು ಮಾಡುತ್ತೆ!" ಉತ್ತರ ತಿರುವಿನಾಚೆಯಿಂದ ಬಂತು.

ಹೊಸ ಕೋಟು ಕೊಡಹೋದೆ. "ಜೇಬು ಸಣ್ಣದು" ಎಂದು ಹಿಂದಿರುಗಿಸಿದಳು. ಬಯಲನ್ನು ಬಯಲಾಗಿ ಉಳಿಸುವವರ ದುಡಿಮೆ ಕಣ್ಣಿಗೆ ಬೀಳುವುದಿಲ್ಲ, ಅವರು ಕಿತ್ತದ್ದಷ್ಟೇ ಬೀಳುತ್ತದೆ. ಬೈಗುಳವನ್ನೂ ಸಸಿಯೊಡನೆ ಜೇಬಿಗಿಳಿಸಿಕೊಂಡು ಅಂಥವರು ನಡೆದುಬಿಡುತ್ತಾರೆ. ನನ್ನಾಕೆ ಈಗ ಆ ಬಂಡೆಯ ಮೇಲೆ ಕೂರುತ್ತಾಳೆ, ಅಪ್ಪ ನೋಡುತ್ತಿದ್ದ ಊರನ್ನು ನೋಡುತ್ತಾಳೆ. ಅದು ಬುಡಮೇಲಮ್ಮನಿಂದ.